ವಿದೇಶದಲ್ಲಿದ್ದುಕೊಂಡೇ ಊರಿನ ಆಸ್ತಿಗೆ ಪವರ್ ಆಫ್ ಅಟಾರ್ನಿ ಮಾಡಿಸುವುದು ಹೇಗೆ?

ಅಪ್ಪ ಅಮ್ಮ ತೋಟದ ಮನೆಯಲ್ಲಿ, ಮಕ್ಕಳು ಡಲ್ಲಾಸ್‌ನಲ್ಲೋ ದುಬೈನಲ್ಲೋ. ಸಕಲೇಶಪುರ, ಮೂಡಿಗೆರೆ ಕಡೆ ಇದು ಈಗ ಮಾಮೂಲಿ. ತೋಟ ಪಾಲಾಗುವಾಗ, ಹಾಸನದ ಸೈಟು ಮಾರುವಾಗ ತೊಂದರೆ ಶುರುವಾಗುತ್ತದೆ. ಪಾಲುದಾರರೆಲ್ಲ ಸಬ್ ರಿಜಿಸ್ಟ್ರಾರ್ ಕಚೇರಿಗೆ ಬರಬೇಕು. ಬರಲಾಗದವರು ಊರಿನಲ್ಲಿರುವ ಒಬ್ಬರಿಗೆ ಪವರ್ ಆಫ್ ಅಟಾರ್ನಿ, ಅಂದರೆ ತಮ್ಮ ಪರವಾಗಿ ಸಹಿ ಹಾಕುವ ಅಧಿಕಾರ ಪತ್ರ, ಕೊಡಬಹುದು. ಆದರೆ ಎಷ್ಟೋ ಜನ ಮೊದಲು ತಾವಿರುವ ದೇಶದ ನೋಟರಿಯನ್ನು ಹುಡುಕಿಕೊಂಡು ಹೋಗುತ್ತಾರೆ. ಕೆಲಸ ಶುರುವಾಗಬೇಕಾದದ್ದು ಅಲ್ಲಲ್ಲ, ಆ ಕಾಗದವನ್ನು ಒಪ್ಪಬೇಕಾದ ಇಲ್ಲಿನ ಕಚೇರಿಯಲ್ಲಿ.

ಕರಡು ಊರಿನಲ್ಲೇ ಆಗಲಿ

ಆಸ್ತಿ ಇರುವ ತಾಲ್ಲೂಕಿನ ವಕೀಲರಿಂದ ಕರಡು ಬರೆಸಿ. ಇಂಟರ್ನೆಟ್‌ನಲ್ಲಿ ಸಿಗುವ ನಮೂನೆ ಬೇಡ. ಸರ್ವೆ ನಂಬರು, ಹಿಸ್ಸಾ, ಎಕರೆ, ಗುಂಟೆ ಎಲ್ಲವೂ ಪಹಣಿಯಲ್ಲಿ ಇರುವಂತೆಯೇ ಇರಲಿ. ಚೆಕ್ಕುಬಂದಿಯನ್ನು (ನಾಲ್ಕು ದಿಕ್ಕಿನ ಗಡಿ ವಿವರ) ಹಳೆಯ ಕ್ರಯಪತ್ರ ಅಥವಾ ವಿಭಾಗ ಪತ್ರ ನೋಡಿ ಬರೆಸಿ. ಸಹಿಗೆ ಮೊದಲೇ ಕರಡನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಒಮ್ಮೆ ತೋರಿಸಿಬಿಟ್ಟರೆ ಒಳ್ಳೆಯದು.

ಒಂದೇ ಕೆಲಸವಿದ್ದರೆ ಎಲ್ಲ ವ್ಯವಹಾರಕ್ಕೂ ಅಧಿಕಾರ ಕೊಡುವ ಜಿಪಿಎ (ಜನರಲ್ ಪವರ್ ಆಫ್ ಅಟಾರ್ನಿ) ಬೇಡ, ಆ ಕೆಲಸಕ್ಕೆ ಮಾತ್ರ ಸೀಮಿತವಾದ ಎಸ್‌ಪಿಎ (ಸ್ಪೆಷಲ್ ಪವರ್ ಆಫ್ ಅಟಾರ್ನಿ) ಸಾಕು. ಅಣ್ಣನೇ ಆಗಲಿ, ಚಿಕ್ಕಪ್ಪನೇ ಆಗಲಿ, ಎಲ್ಲ ಆಸ್ತಿಯ ಮೇಲೂ ಮಾರುವ, ಸಾಲ ತೆಗೆಯುವ ಅಧಿಕಾರವನ್ನು ಸುಮ್ನೆ ಬರೆದುಕೊಡಬೇಡಿ. ಹತ್ತಿರದ ಸಂಬಂಧಿ ಅಲ್ಲದವರಿಗೆ ಮಾರುವ ಅಧಿಕಾರ ಕೊಟ್ಟರೆ ಮುದ್ರಾಂಕ ಶುಲ್ಕವೂ ಜಾಸ್ತಿ. ಇನ್ನೊಂದು ವಿಷಯ: ಎನ್‌ಆರ್‌ಐಗಳು ಪಿತ್ರಾರ್ಜಿತವಾಗಿ ಬಂದ ಕಾಫಿ ತೋಟ ಇಟ್ಟುಕೊಳ್ಳಬಹುದು. ರಿಸರ್ವ್ ಬ್ಯಾಂಕಿನ ಒಪ್ಪಿಗೆ ಇಲ್ಲದೆ ಹೊಸದಾಗಿ ಕೊಳ್ಳುವಂತಿಲ್ಲ. ಬೇರೆಯವರ ಕೈಲಿ ಕೊಳ್ಳಿಸಿದರೂ ಅಷ್ಟೇ.

ಹೆಸರು ನೋಡಿಕೊಳ್ಳಿ

ನಮ್ಮ ಕಡೆಯವರ ಕಾಗದ ಜಾಸ್ತಿ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಪಹಣಿಯಲ್ಲಿ 'ರಮೇಶ ಬಿನ್ ಸಿದ್ದೇಗೌಡ' ಎಂದಿರುತ್ತದೆ. ಆಧಾರ್‌ನಲ್ಲಿ 'ರಮೇಶ್ ಹೆಚ್.ಎಸ್.' ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ಬಿಡಿಸಿ ಊರಿನ ಹೆಸರು, ಅಪ್ಪನ ಹೆಸರು ಎಲ್ಲ ಸೇರಿರುತ್ತದೆ. ವಿದೇಶದ ನೋಟರಿ ನೋಡುವುದು ಪಾಸ್‌ಪೋರ್ಟ್, ಇಲ್ಲಿನ ಅಧಿಕಾರಿ ನೋಡುವುದು ಪಹಣಿ. ಅದಕ್ಕೇ ಪಾಸ್‌ಪೋರ್ಟ್‌ನ ಹೆಸರು ಮೊದಲು ಬರೆದು, 'ಪಹಣಿಯಲ್ಲಿ ಹೀಗೆ ಕರೆಯಲ್ಪಟ್ಟವರೂ ಇವರೇ' ಎಂಬ ಸಾಲನ್ನು ಪತ್ರದಲ್ಲೇ ಸೇರಿಸಿ. ಎರಡೂ ಹೆಸರಿನವರು ಒಬ್ಬರೇ ಎಂಬ ಅಫಿಡವಿಟ್ ಒಂದನ್ನೂ ಅದೇ ದಿನ ಮಾಡಿಸಿಬಿಡಿ. ಖಾತೆ ಇನ್ನೂ ತೀರಿಕೊಂಡ ಅಪ್ಪನ ಹೆಸರಿನಲ್ಲೇ ಇದ್ದರೆ ವಂಶವೃಕ್ಷ ತೆಗೆಸಿ ಪೌತಿ ಖಾತೆ ಮಾಡಿಸುವುದು, ಅಂದರೆ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಾಯಿಸುವುದು, ಮೊದಲ ಕೆಲಸ.

ಸಹಿ ಎಲ್ಲಿ?

1908ರ ನೋಂದಣಿ ಕಾಯ್ದೆಯ 33ನೇ ಕಲಂ ಪ್ರಕಾರ, ವಿದೇಶದಲ್ಲಿ ವಾಸವಿರುವವರು ನೋಟರಿ, ನ್ಯಾಯಾಧೀಶರು ಅಥವಾ ಭಾರತದ ಕಾನ್ಸುಲ್ ಮುಂದೆ ಸಹಿ ಹಾಕಿ ದೃಢೀಕರಿಸಿಕೊಳ್ಳಬೇಕು. 'ಮುಂದೆ' ಎಂಬುದನ್ನು ಮರೆಯಬೇಡಿ. ಮನೆಯಲ್ಲೇ ಸಹಿ ಹಾಕಿ ಒಯ್ಯಬೇಡಿ. ವಿಡಿಯೊ ಕಾಲ್‌ನಲ್ಲಿ ಮಾಡುವ ಆನ್‌ಲೈನ್ ನೋಟರಿಯನ್ನೂ ಆಸ್ತಿ ವಿಷಯಕ್ಕೆ ನಂಬಬೇಡಿ.

ದುಬೈ, ಕುವೈತ್‌ನಲ್ಲಿ ಇರುವವರಿಗೆ ಭಾರತದ ಕಾನ್ಸುಲೇಟ್ ಅಥವಾ ರಾಯಭಾರ ಕಚೇರಿಯೇ ಸರಿ. ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾದಲ್ಲಿ ಇರುವವರು ಅಲ್ಲಿನ ನೋಟರಿ ಮುಂದೆ ಸಹಿ ಹಾಕಿ, ಆ ಸರ್ಕಾರದಿಂದ ಅಪೊಸ್ಟಿಲ್ ಪಡೆಯಬಹುದು. ನೋಟರಿಯ ಸಹಿ, ಮುದ್ರೆ ಅಸಲಿ ಎಂದು ತೋರಿಸುವ ಪ್ರಮಾಣಪತ್ರ ಅದು. ಭಾರತ 2005ರಿಂದ ಈ ವ್ಯವಸ್ಥೆಯಲ್ಲಿದೆ, ಕೆನಡಾ 2024ರಲ್ಲಿ ಸೇರಿತು. ಅಮೆರಿಕದಲ್ಲಿ ನೋಟರಿ ಯಾವ ರಾಜ್ಯದವರೋ ಆ ರಾಜ್ಯದಿಂದಲೇ ಅಪೊಸ್ಟಿಲ್ ಆಗಬೇಕು.

ಅಸಲಿ ಪಾಸ್‌ಪೋರ್ಟ್, ವೀಸಾ, ಫೋಟೊ ಜೊತೆಗಿರಲಿ. ಪ್ರತಿ ಪುಟಕ್ಕೂ ಸಹಿ ಹಾಕಿ. ಫೋಟೊ ಅಂಟಿಸಿ, ಎಡಗೈ ಹೆಬ್ಬೆಟ್ಟಿನ ಗುರುತನ್ನೂ ಒತ್ತಿ. ಇಬ್ಬರು ಸಾಕ್ಷಿಗಳು ಬೇಕಾದರೆ ಮೊದಲೇ ಕೇಳಿಟ್ಟುಕೊಳ್ಳಿ.

ಮೂರು ತಿಂಗಳ ಗಡುವು

ಸ್ಕ್ಯಾನ್ ಕಾಪಿ ನಡೆಯುವುದಿಲ್ಲ, ಅಸಲು ಪತ್ರವನ್ನೇ ಕೊರಿಯರ್ ಮಾಡಿ. ಅದು ಊರಿಗೆ ಬಂದ ಮೇಲೆ ಹಲವರು ಬೀರುವಿನಲ್ಲಿ ಇಟ್ಟು ಮರೆತುಬಿಡುತ್ತಾರೆ. ಹೊರಗೆ ಬರೆದ ಪತ್ರ ಕರ್ನಾಟಕಕ್ಕೆ ಬಂದ ಮೂರು ತಿಂಗಳೊಳಗೆ ಇಲ್ಲಿನ ಮುದ್ರಾಂಕ ಶುಲ್ಕ ಕಟ್ಟಬೇಕು. 1957ರ ಕರ್ನಾಟಕ ಮುದ್ರಾಂಕ ಕಾಯ್ದೆಯ 18ನೇ ಕಲಂ ಹೇಳುವುದು ಇದನ್ನೇ. ಹಾಸನದವರು ಹಾಸನದ, ಚಿಕ್ಕಮಗಳೂರಿನವರು ಚಿಕ್ಕಮಗಳೂರಿನ ಜಿಲ್ಲಾ ನೋಂದಣಾಧಿಕಾರಿ ಕಚೇರಿಗೆ ಹೋಗಿ. ಪತ್ರ ಬಂದ ದಿನಕ್ಕೆ ಕೊರಿಯರ್ ಲಕೋಟೆಯೇ ಸಾಕ್ಷಿ, ಎಸೆಯಬೇಡಿ.

ಇದಾದ ಮೇಲೆ ಅಧಿಕಾರ ಪಡೆದವರು ಅಸಲು ಪತ್ರ ಹಿಡಿದು ಸಬ್ ರಿಜಿಸ್ಟ್ರಾರ್ ಮುಂದೆ ನಿಮ್ಮ ಪರವಾಗಿ ವಿಭಾಗ ಪತ್ರಕ್ಕೋ ಕ್ರಯಪತ್ರಕ್ಕೋ ಸಹಿ ಹಾಕಬಹುದು. ಜಿಪಿಎ ಕೊಟ್ಟ ಮಾತ್ರಕ್ಕೆ ಆಸ್ತಿ ಮಾರಿದಂತೆ ಆಗುವುದಿಲ್ಲ, ಸುಪ್ರೀಂ ಕೋರ್ಟ್ 2011ರಲ್ಲೇ ಇದನ್ನು ಸ್ಪಷ್ಟವಾಗಿ ಹೇಳಿದೆ. ಕೆಲಸ ಮುಗಿದ ಕೂಡಲೇ ಪತ್ರವನ್ನು ರದ್ದು ಮಾಡಿ, ಅಧಿಕಾರ ಪಡೆದವರಿಗೂ ಸಬ್ ರಿಜಿಸ್ಟ್ರಾರ್ ಕಚೇರಿಗೂ ಬರವಣಿಗೆಯಲ್ಲಿ ತಿಳಿಸಿ.