ಕಂದು ಸ್ಕಿಪ್ಪರ್ ಚಿಟ್ಟೆಯ ರೆಕ್ಕೆ ಮೇಲೆ 'ಸೆಂಟ್ ಗೆರೆ' ಹುಡುಕೋದು ಹೇಗೆ

ಗದ್ದೆ ಬದು ಮೇಲೋ ಪಾರ್ಕಿನ ಹುಲ್ಲಲ್ಲೋ ಸರ್ರಂತ ಹಾರಿ ಇನ್ನೊಂದು ಕಡೆ ಕೂರೋ ಸಣ್ಣ ಕಂದು ಚಿಟ್ಟೆಗಳನ್ನ ತುಂಬಾ ಜನ ಪತಂಗ ಅಂದ್ಕೊಂಡು ಫೋಟೋನೇ ತೆಗೆಯಲ್ಲ. ಅವು ಸ್ಕಿಪ್ಪರ್‌ಗಳು. ದಪ್ಪ ಮೈ, ದೊಡ್ಡ ಕಣ್ಣು, ಮೀಸೆ ತುದಿ ಸ್ವಲ್ಪ ಕೊಕ್ಕೆ ಥರ ಬಗ್ಗಿರತ್ತೆ. ಇವುಗಳಲ್ಲಿ ಎಷ್ಟೋ ಜಾತಿ ಗಂಡುಗಳ ಮುಂದಿನ ರೆಕ್ಕೆ ಮೇಲೆ ಒಂದು ಗೆರೆ ಇರತ್ತೆ, ಬ್ರ್ಯಾಂಡ್ ಅಂತಾರೆ. ಗಂಡು ಹೆಣ್ಣನ್ನ ಒಲಿಸಿಕೊಳ್ಳೋ ಸೆಂಟ್ ಇರೋದು ಅಲ್ಲೇ.

ಅದು ಬರೀ ಬಣ್ಣ ಅಲ್ಲ. ಚಿಟ್ಟೆ ಮುಟ್ಟಿದ್ರೆ ಬೆರಳಿಗೆ ಪುಡಿ ಅಂಟತ್ತಲ್ಲ, ಆ ಪುಡಿ ಒಂದೊಂದೂ ಒಂದು ಹುರುಪೆ, ಬ್ರ್ಯಾಂಡ್ ಇರೋ ಜಾಗದಲ್ಲಿ ಮಾತ್ರ ಹುರುಪೆಗಳ ಆಕಾರ ಬೇರೆ, ಅವಕ್ಕೆ ಆಂಡ್ರೊಕೋನಿಯಾ ಅಂತ ಹೆಸರು, ವಾಸನೆ ಪದಾರ್ಥ ಗಾಳಿಗೆ ಹರಡೋದು ಅವುಗಳ ಮೂಲಕ. 1870ರ ದಶಕದಲ್ಲೇ ಬ್ರೆಜಿಲ್‌ನಲ್ಲಿದ್ದ ಜೀವವಿಜ್ಞಾನಿ ಫ್ರಿಟ್ಜ್ ಮ್ಯೂಲರ್ ಗಂಡು ಚಿಟ್ಟೆಗಳನ್ನ ಮೂಸಿ ನೋಡಿ ಈ ಅಂಗಗಳ ಬಗ್ಗೆ ಬರೆದಿದ್ರು.

ಸರಿ, ಹುಡುಕೋದು ಹೇಗೆ? ಬೆಳಿಗ್ಗೆ ಬಿಸಿಲು ಬಿದ್ದ ತಕ್ಷಣ ಹೋಗಿ, ಮೈ ಕಾಯಿಸ್ಕೊಳ್ತಾ ಕೂತಿರ್ತವೆ. ಗಾಯಕ್ಕೆ ಎಲೆ ಹಿಂಡಿ ಹಾಕ್ತಾರಲ್ಲ ಆ ಟ್ರೈಡ್ಯಾಕ್ಸ್ ಹೂವಿನ ಹತ್ರ ಕಾದ್ರೆ ಇನ್ನೂ ಒಳ್ಳೇದು. ಹುಲ್ಲು ಸ್ಕಿಪ್ಪರ್‌ಗಳು ಬಿಸಿಲಿಗೆ ಕೂರೋ ರೀತಿನೇ ಬೇರೆ, ಹಿಂದಿನ ರೆಕ್ಕೆ ಅಗಲ ಬಿಚ್ಚಿ ಮುಂದಿನ ರೆಕ್ಕೆ ಅರ್ಧ ಎತ್ತಿ, ಪುಟ್ಟ ಜೆಟ್ ವಿಮಾನದ ಹಾಗೆ. ನಮಗೆ ಬೇಕಾಗಿರೋದೂ ಅದೇ ಭಂಗಿ. ನೆರಳು ಅದರ ಮೇಲೆ ಬೀಳದ ಹಾಗೆ ಹಿಂದಿನಿಂದ, ಸ್ವಲ್ಪ ಮೇಲಿಂದ, ನಿಧಾನ ಹೋಗಿ. ಫ್ಲಾಶ್ ಹಾಕ್ಬೇಡಿ, ಗೆರೆ ಬೆಳಕಲ್ಲಿ ಕರಗಿಹೋಗತ್ತೆ, ಓರೆ ಬಿಸಿಲಲ್ಲೇ ಚೆನ್ನಾಗಿ ಕಾಣತ್ತೆ. ಆಮೇಲೆ ಪಕ್ಕಕ್ಕೆ ಬಂದು ರೆಕ್ಕೆ ಕೆಳಭಾಗದ್ದೂ ಒಂದು ತೆಗೀರಿ, ಇದನ್ನ ಮರೆತೇ ನಾನು ಎಷ್ಟೋ ಫೋಟೋ ವೇಸ್ಟ್ ಮಾಡಿದ್ದೀನಿ.

ಮೊದಲು ಕಲಿಯೋಕೆ ಸ್ಮಾಲ್ ಬ್ರ್ಯಾಂಡೆಡ್ ಸ್ವಿಫ್ಟ್ ಅನ್ನೋ ಸ್ಕಿಪ್ಪರ್ ಬೆಸ್ಟ್, ವೈಜ್ಞಾನಿಕ ಹೆಸರು ಪೆಲೋಪಿಡಾಸ್ ಮಥಿಯಾಸ್. ಇದರ ಹುಳು ಬತ್ತ ಮತ್ತೆ ಹುಲ್ಲಿನ ಎಲೆ ಮೇಯತ್ತೆ, ಹಾಗಾಗಿ ಗದ್ದೆ ಕಡೆ ಸುಲಭವಾಗಿ ಸಿಗತ್ತೆ. ಮುಂದಿನ ರೆಕ್ಕೆ ಮೇಲ್ಭಾಗದಲ್ಲಿ ಕಮಾನಿನ ಹಾಗೆ ಸಣ್ಣ ಬಿಳಿ ಚುಕ್ಕೆಗಳು, ಅವುಗಳ ಕೆಳಗೆ ರೆಕ್ಕೆ ಮಧ್ಯದಿಂದ ಹಿಂದಿನ ಅಂಚಿನ ಕಡೆಗೆ ಓರೆಯಾಗಿ ಇಳಿಯೋ ತೆಳು ಬೂದಿ ಬಣ್ಣದ ಗೆರೆ, ವಿಭೂತಿ ಬೆರಳಲ್ಲಿ ಎಳೆದ ಹಾಗೆ. ಸಿಕ್ತಾ? ಗಂಡು. ಹೆಣ್ಣಿಗೆ ಆ ಗೆರೆ ಇರಲ್ಲ.

ಇದೇ ಗುಂಪಲ್ಲಿ ಪೆಲೋಪಿಡಾಸ್ ಅಗ್ನಾ ಅಂತ ಇನ್ನೊಂದಿದೆ, ನೋಡೋಕೆ ಹೆಚ್ಚುಕಮ್ಮಿ ಹಾಗೇ. ಫೋಟೋ ಝೂಮ್ ಮಾಡಿ, ಮುಂದಿನ ರೆಕ್ಕೆ ಮಧ್ಯದ ಕೋಶದಲ್ಲಿರೋ (ನರಗಳು ಸುತ್ತುವರಿದ ಉದ್ದನೆ ಜಾಗ) ಎರಡು ಚುಕ್ಕೆ ಸೇರಿಸಿ ಒಂದು ನೇರ ಗೆರೆ ಎಳೆದು ಹಿಂದಿನ ಅಂಚಿನ ಕಡೆಗೆ ಮುಂದುವರಿಸಿ. ಆ ಗೆರೆ ಬ್ರ್ಯಾಂಡನ್ನ ಕತ್ತರಿಸಿಕೊಂಡು ಹೋದ್ರೆ ಮಥಿಯಾಸ್, ಕತ್ತರಿಸದೆ ಹೊರಗಡೆಯಿಂದ ಹೋದ್ರೆ ಅಗ್ನಾ. ಮೊಬೈಲಲ್ಲಿ ಫೋಟೋ ಎಡಿಟ್ ಮಾಡೋ ಪೆನ್ ಇರತ್ತಲ್ಲ, ಅದರಲ್ಲೇ ಎಳೀಬಹುದು. ಇಷ್ಟು ಸಣ್ಣ ಗೆರೆ ಎರಡು ಜಾತಿನ ಬೇರೆ ಮಾಡತ್ತೆ ಅನ್ನೋದು ನಂಗೆ ಇವತ್ತಿಗೂ ಖುಷಿ ಕೊಡೋ ವಿಷ್ಯ.

ಒಂದು ತಪ್ಪು ಮಾತ್ರ ಮಾಡ್ಬೇಡಿ, ಗೆರೆ ಇಲ್ಲ ಅಂದ್ರೆ ಹೆಣ್ಣು ಅಂತ ಬರೆದುಬಿಡೋದು. ರೈಸ್ ಸ್ವಿಫ್ಟ್ ಗಂಡಿಗೂ ಬ್ರ್ಯಾಂಡ್ ಇಲ್ಲ, ಕಂಜಾಯ್ನ್ಡ್ ಸ್ವಿಫ್ಟ್ ಗಂಡಿಗೂ ಇಲ್ಲ. ಮೊದಲು ಜಾತಿ ಯಾವುದು ಅಂತ ನೋಡಿ, ಆಮೇಲೆ ಗಂಡು ಹೆಣ್ಣು. ಅದಕ್ಕೇ ಕೆಳಭಾಗದ ಫೋಟೋ ಬೇಕು ಅಂದಿದ್ದು.

ಎಲ್ಲದರಲ್ಲೂ ಗೆರೆ ಒಂದೇ ಥರ ಇರಲ್ಲ. ಕಿತ್ತಳೆ ಬಣ್ಣದ ಪಾಮ್ ಡಾರ್ಟ್‌ಗಳಲ್ಲಿ ಅದು ಕಪ್ಪು ಪಟ್ಟಿ ಒಳಗೆ ಅಡಗಿರತ್ತೆ. ಪೇಂಟ್‌ಬ್ರಶ್ ಸ್ವಿಫ್ಟ್‌ಗೆ ಆ ಹೆಸರು ಬಂದಿದ್ದೇ ಗಂಡಿನ ಹಿಂದಿನ ರೆಕ್ಕೆ ಮೇಲಿರೋ ಕೂದಲಿನ ಕುಚ್ಚಿಂದ. ಯುರೋಪ್, ಅಮೆರಿಕದ ಎರಿನ್ನಿಸ್ ಸ್ಕಿಪ್ಪರ್‌ಗಳಲ್ಲಂತೂ ಮುಂದಿನ ರೆಕ್ಕೆ ಅಂಚೇ ಜೇಬಿನ ಹಾಗೆ ಮಡಚಿಕೊಂಡು ಸೆಂಟ್ ಹುರುಪೆಗಳನ್ನ ಒಳಗಿಟ್ಟಿರತ್ತೆ.

ಬಿದಿರು ಮೆಳೆ ಹತ್ರ ಕೆಂಪು ಕಣ್ಣಿನ ಕಾಮನ್ ರೆಡ್‌ಐ ಸಿಕ್ರೆ ತಾಳ್ಮೆ ಬೇಕು, ಅದು ರೆಕ್ಕೆ ಮುಚ್ಚಿಕೊಂಡೇ ಕೂರತ್ತೆ, ಬ್ರ್ಯಾಂಡ್ ಒಳಗೇ ಉಳಿಯತ್ತೆ. ಹಾಗಂತ ಹಿಡಿದು ರೆಕ್ಕೆ ಬಿಡಿಸೋಕೆ ಹೋಗ್ಬೇಡಿ, ನಿಮ್ಮ ಬೆರಳಿಗೆ ಅಂಟೋ ಪುಡಿ ಮತ್ತೆ ಅದರ ರೆಕ್ಕೆ ಮೇಲೆ ಹುಟ್ಟಲ್ಲ.