ಇಂಗ್ಲೆಂಡಿನಲ್ಲಿ ಪುಳಿಯೋಗರೆ ಅಂಗಡಿ ಹಾಕುವ ಮುನ್ನ

ಮೈಸೂರಿನ ಅಗ್ರಹಾರದಲ್ಲಿ ಸಂಜೆ ಚುರುಮುರಿ ತಿನ್ನುತ್ತಿದ್ದೆ. ಇಂಗ್ಲೆಂಡಿನಿಂದ ರಜೆಗೆ ಊರಿಗೆ ಬಂದಿದ್ದ ದಂಪತಿ ಗುರುತು ಹಿಡಿದು ಮಾತಿಗೆ ನಿಂತರು. "ನೀವು ಅಲ್ಲಿ ಸಂತೆಯಲ್ಲಿ ಅಂಗಡಿ ಹಾಕುತ್ತಿದ್ದಿರಲ್ಲವೇ? ನಾವೂ ಭಾನುವಾರ ಪುಳಿಯೋಗರೆ ಮಾರೋಣವೆಂದಿದ್ದೇವೆ. ಕೌನ್ಸಿಲ್‌ನವರು ಸಹಾಯ ಮಾಡುತ್ತಾರೆಯೇ?" ಕೌನ್ಸಿಲ್ ಎಂದರೆ ನಮ್ಮ ಪಾಲಿಕೆಯಂಥದ್ದು. ಸಹಾಯ ಮಾಡುತ್ತಾರೆ, ಆದರೆ ನಮ್ಮೂರಿನ ಲೆಕ್ಕದಲ್ಲಲ್ಲ.

ನಮ್ಮಲ್ಲಿ ಮೊದಲು ಜಾಗ, ಆಮೇಲೆ ಕಾಗದ. ಮರದಡಿ ಗಾಡಿ ನಿಲ್ಲಿಸಿ ವರ್ಷಗಟ್ಟಲೆ ವ್ಯಾಪಾರ ಮಾಡಿದವರನ್ನು ಪಾಲಿಕೆ ಸಮೀಕ್ಷೆಯಲ್ಲಿ ಗುರುತಿಸಿ ಪ್ರಮಾಣಪತ್ರ ಕೊಡಬೇಕು ಎನ್ನುತ್ತದೆ 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40ರಷ್ಟು ಮಂದಿ ವ್ಯಾಪಾರಿಗಳೇ ಇರಬೇಕು. ಜೊತೆಗೆ ಕೇಂದ್ರ ಸರ್ಕಾರದ ಸ್ವನಿಧಿ ಸಾಲವೂ ಉಂಟು. ಇಂಗ್ಲೆಂಡಿನಲ್ಲಿ ಕಾಗದವಿಲ್ಲದೆ ಮೇಜಿನ ಕಾಲೂ ಊರುವಂತಿಲ್ಲ.

ಎಲ್ಲಕ್ಕಿಂತ ಮೊದಲು ವೀಸಾ ನೋಡಿಕೊಳ್ಳಿ. ವಿದ್ಯಾರ್ಥಿ ವೀಸಾದಲ್ಲಿ ಸ್ವಂತ ವ್ಯಾಪಾರ ನಿಷಿದ್ಧ. ಸ್ಕಿಲ್ಡ್ ವರ್ಕರ್ (ಕುಶಲ ಕೆಲಸಗಾರರ) ವೀಸಾದವರಿಗೂ ಇಲ್ಲ, ಆದರೆ ಅವರ ಅವಲಂಬಿತರಿಗೆ ಅಡ್ಡಿಯಿಲ್ಲ. ಆ ಮನೆಯ ಯಜಮಾನರು ಇದನ್ನು ಕೇಳಿ ಹೆಂಡತಿಯ ಮುಖ ನೋಡಿದರು. ಅಂಗಡಿ ಆಕೆಯದೇ ಆಗಬೇಕಾಯಿತು!

ಲಂಡನ್ನಿನ ಹೊರಗೆ, ಬೀದಿ ವ್ಯಾಪಾರದ ನಿಯಮಗಳಿರುವ 1982ರ ಕಾಯ್ದೆಯನ್ನು ಅಳವಡಿಸಿಕೊಂಡ ಕೌನ್ಸಿಲ್‌ಗಳು ಬೀದಿಗಳನ್ನು ಮೂರು ಬಗೆಯಾಗಿ ವಿಂಗಡಿಸಬಹುದು: ವ್ಯಾಪಾರ ನಿಷೇಧಿಸಿದವು, ಪರವಾನಗಿ ಬೇಕಾದವು, ಸಮ್ಮತಿ ಬೇಕಾದವು. ಕೊನೆಯ ಎರಡನ್ನು ಒಂದೇ ಎಂದುಕೊಂಡು ಮೋಸ ಹೋಗಬೇಡಿ. ಪರವಾನಗಿ ನಿರಾಕರಿಸಿದರೆ ಮ್ಯಾಜಿಸ್ಟ್ರೇಟ್ ನ್ಯಾಯಾಲಯಕ್ಕೆ ಮೇಲ್ಮನವಿ ಹೋಗಬಹುದು. ಸಮ್ಮತಿಗೆ ಆ ದಾರಿಯಿಲ್ಲ, ಕೊಟ್ಟದ್ದನ್ನು ಯಾವಾಗ ಬೇಕಾದರೂ ಹಿಂಪಡೆಯಬಹುದು. ಲಂಡನ್ನಿನ ಹೆಚ್ಚಿನ ಬರೋಗಳದು, ಅಂದರೆ ಅಲ್ಲಿನ ಸ್ಥಳೀಯ ಆಡಳಿತ ವಿಭಾಗಗಳದು, ಬೇರೆಯೇ ಕಾಯ್ದೆ, 1990ರದು.

ಹಾಗಾಗಿ ಬೀದಿಯ ಆಸೆ ಬಿಟ್ಟು, ಕೌನ್ಸಿಲ್ ನಡೆಸುವ ಸಂತೆಗೆ ಹೋಗಿ ಎನ್ನುತ್ತೇನೆ. ಸಹಾಯವೆಂದರೆ ಅಲ್ಲಿ ಮುಖ್ಯವಾಗಿ ಇದೇ: ಕಡಿಮೆ ಬಾಡಿಗೆಗೆ ಒಂದು ದಿನದ ಜಾಗ. ಅನೇಕ ಸಂತೆಗಳಲ್ಲಿ ಕಾಯಂ ವ್ಯಾಪಾರಿ ಬಾರದ ದಿನ ಆ ಜಾಗವನ್ನು ತಾತ್ಕಾಲಿಕ ವ್ಯಾಪಾರಿಗೆ ಕೊಡುತ್ತಾರೆ. ನಿಮ್ಮಿಂದ ಬೇರೆಯವರಿಗೆ ಹಾನಿಯಾದರೆ ಪರಿಹಾರ ಕೊಡುವ ಸಾರ್ವಜನಿಕ ಹೊಣೆಗಾರಿಕೆಯ ವಿಮೆಯ ಪತ್ರ ಕೈಯಲ್ಲಿರಲಿ. ಮೊದಲ ಭಾನುವಾರ ನಾನು ಏಳೂವರೆಗೆ ಹೋದೆ. ಜಾಗದ ಹಂಚಿಕೆ ಏಳಕ್ಕೇ ಮುಗಿದಿತ್ತು. ಐದು ಸೇರು ಅಕ್ಕಿಯ ಪುಳಿಯೋಗರೆಯನ್ನು ವಾಪಸು ಹೊತ್ತು ತಂದು, ಸುತ್ತಮುತ್ತಲ ಕನ್ನಡಿಗರಿಗೆಲ್ಲ ಕರೆದು ಕರೆದು ಕೊಟ್ಟೆ. ದೇವಸ್ಥಾನ ಕಟ್ಟಿಸಿದ ಪುಣ್ಯ ಬಂತು ಎಂದು ಮನೆಯವಳು ಈಗಲೂ ಹಂಗಿಸುತ್ತಾಳೆ.

ತಿಂಡಿ ಮಾರುವವರು ವ್ಯಾಪಾರ ಆರಂಭಿಸುವ 28 ದಿನ ಮೊದಲೇ ಕೌನ್ಸಿಲ್‌ನಲ್ಲಿ ನೋಂದಾಯಿಸಿಕೊಳ್ಳಬೇಕು. ಇದಕ್ಕೆ ಶುಲ್ಕವಿಲ್ಲ, ನಿರಾಕರಿಸುವಂತೆಯೂ ಇಲ್ಲ. ಮನೆಯಲ್ಲಿ ಅಡುಗೆ ಮಾಡುವಿರಾದರೆ ಅಧಿಕಾರಿ ನಿಮ್ಮ ಅಡುಗೆಮನೆಗೇ ಬರುತ್ತಾರೆ, ಸೊನ್ನೆಯಿಂದ ಐದರವರೆಗೆ ಶುಚಿತ್ವದ ಅಂಕ ಕೊಡುತ್ತಾರೆ. ಅವರನ್ನು ಕಂಡು ಹೆದರಬೇಡಿ. ಫ್ರಿಜ್ಜಿನ ಉಷ್ಣಾಂಶ ಬರೆದಿಡುವುದು ಹೇಗೆಂದು ನನಗೆ ಕಲಿಸಿದ್ದೇ ಅಂಥ ಒಬ್ಬರು.

ಹೆಚ್ಚು ಜನ ಎಡವುವುದು ಅಲರ್ಜಿಯ ವಿಷಯದಲ್ಲಿ. ಆ ದೇಶ 14 ಪದಾರ್ಥಗಳ ಪಟ್ಟಿ ಮಾಡಿದೆ. ಅವುಗಳಲ್ಲಿ ಯಾವುದಿದ್ದರೂ ಗಿರಾಕಿಗೆ ತಿಳಿಸಲೇಬೇಕು. ಗಿರಾಕಿ ಬರುವ ಮೊದಲೇ ಡಬ್ಬಿಗೆ ತುಂಬಿಟ್ಟರೆ, 2021ರ ಅಕ್ಟೋಬರ್‌ನಿಂದ, ಡಬ್ಬಿಯ ಮೇಲೆಯೇ ಎಲ್ಲ ಪದಾರ್ಥಗಳನ್ನು ಬರೆಯಬೇಕು. ನಮ್ಮ ಪುಳಿಯೋಗರೆಯಲ್ಲಿ ಕಡಲೆಕಾಯಿ, ಎಳ್ಳು, ಸಾಸಿವೆ, ಮೂರೂ ಪಟ್ಟಿಯಲ್ಲಿವೆ.

"ಮೂರೇ ತಾನೆ?" ಎಂದರು ಆಕೆ. ಕೈಯಲ್ಲಿ ದೇವರಾಜ ಮಾರುಕಟ್ಟೆಯಿಂದ ತಂದ ಸಾಮಾನಿನ ಚೀಲವಿತ್ತು. ಇಂಗಿನ ಡಬ್ಬಿ ಇದ್ದರೆ ತೆಗೆಯಿರಿ ಎಂದೆ. ಬೀದಿದೀಪದ ಕೆಳಗೆ ಹಿಡಿದು, ಸಣ್ಣಕ್ಷರಗಳನ್ನು ಕಷ್ಟಪಟ್ಟು ಓದಿದರು: "ಗೋಧಿ ಹಿಟ್ಟು."