ಕೈ ಬಿಚ್ಚಿ ಕೊಡುವುದು ಹೇಗೆ?

ಕೊಟ್ಟರೆ ದೇವರು ಕೃಪೆ ತೋರಿಸುತ್ತಾನೆ ಅನ್ನೋ ಲೆಕ್ಕವನ್ನು ಮೊದಲು ತಲೆಯಿಂದ ತೆಗೆಯಿರಿ. ಕೃಪೆ ಸುಮ್ನೆ ಸಿಕ್ಕಿದ್ದು, ಅದಕ್ಕೇ ನಾವು ಕೊಡುತ್ತೇವೆ. ಬೈಬಲಿನಲ್ಲಿ, ಯೇಸುವಿನ ಸಂದೇಶ ಸಾರುತ್ತಾ ಊರೂರು ಸುತ್ತಿದ ಪೌಲ ಕೊರಿಂಥ ಪಟ್ಟಣದ ಕ್ರೈಸ್ತರಿಗೆ ಬರೆದ 2ನೇ ಪತ್ರದ 8 ಮತ್ತು 9ನೇ ಅಧ್ಯಾಯ ಓದಿ. ಮಕೆದೋನ್ಯ ಪ್ರಾಂತ್ಯದ ಕ್ರೈಸ್ತ ಸಭೆಗಳವರು ತೀರಾ ಬಡವರು, ಆದರೂ ಜೆರುಸಲೇಮಿನ ಕ್ರೈಸ್ತರಿಗೆ ನೆರವಾಗಲು ನಮಗೂ ಅವಕಾಶ ಕೊಡಿ ಅಂತ ಪೌಲನನ್ನೇ ಬೇಡಿಕೊಂಡರು. ಇಲ್ಲಿ ಬೇಡಿದ್ದು ಕೊಡುವವರು, ವಿಚಿತ್ರ ಅಲ್ವಾ?

ವಾರದ ಮೊದಲ ದಿನವೇ ಬಂದ ವರಮಾನಕ್ಕೆ ತಕ್ಕಂತೆ ಒಂದು ಪಾಲು ಲಕೋಟೆಯಲ್ಲಿ ಎತ್ತಿಡಿ. ಎತ್ತಿಡಿ ಅಂದದ್ದೂ ಪೌಲನೇ, ಲಕೋಟೆ ಮಾತ್ರ ನನ್ನದು. ತಿಂಗಳ ಕೊನೆಗೆ ಉಳಿದರೆ ನೋಡೋಣ ಅಂದರೆ ಉಳಿಯುವುದಿಲ್ಲ. ಎಷ್ಟು ಅಂತ ನೀವೇ ತೀರ್ಮಾನಿಸಿ, ಯಾರದೋ ಬಲವಂತಕ್ಕೆ ಗೊಣಗುತ್ತಾ ಕೊಡಬೇಡಿ. ದುಡ್ಡಿಲ್ಲವೇ? ಕಾಯಿಲೆ ಬಿದ್ದವರ ಪಕ್ಕ ಒಂದು ಸಂಜೆ ಕೂತು ಬನ್ನಿ. ಫೋಟೋ ಮಾತ್ರ ಹಾಕಬೇಡಿ.